ಪಾತ್ರ ಕೊಟ್ಟು ವಂತಿಗೆ ಕೇಳಿ: ಊರಿನ ಪರಿಸರ ಮತ್ತು ನ್ಯಾಯ ಕೇಂದ್ರಕ್ಕೆ ಬೆಂಬಲ ಕೂಡಿಸುವ ದಾರಿ

ಮಂಡ್ಯ ಕಡೆಯ ಊರಲ್ಲಿ ಪೌರಾಣಿಕ ನಾಟಕ ಆಡಬೇಕೆಂದು ತೀರ್ಮಾನವಾದರೆ ಮೊದಲು ನಡೆಯುವುದು ಪಾತ್ರ ಹಂಚಿಕೆ. ಕೃಷ್ಣನ ಪಾತ್ರಕ್ಕೆ ಇಷ್ಟು, ದುರ್ಯೋಧನನಿಗೆ ಇಷ್ಟು, ದೂತನಿಗೆ ಇಷ್ಟು ಎಂದು ಕಟ್ಟಬೇಕಾದ ಹಣ ಗೊತ್ತುಮಾಡುತ್ತಾರೆ. ಹಗಲೆಲ್ಲ ಗದ್ದೆಗೆ ನೀರು ಕಟ್ಟಿ ಬಂದವನು ಕೈಯಿಂದ ದುಡ್ಡು ಕೊಟ್ಟು, ತಿಂಗಳುಗಟ್ಟಲೆ ಮೇಷ್ಟ್ರ ಹಾರ್ಮೋನಿಯಂ ಮುಂದೆ ಕೂತು ಕಂದಪದ್ಯ ಕಲಿತು, ಒಂದು ರಾತ್ರಿ ಬಣ್ಣ ಹಚ್ಚುತ್ತಾನೆ. ಇದನ್ನು ನೋಡುತ್ತಲೇ ಬೆಳೆದ ನನಗೆ "ನಮ್ಮ ಜನ ಸಾರ್ವಜನಿಕ ಕೆಲಸಕ್ಕೆ ದುಡ್ಡು ಬಿಚ್ಚೋದಿಲ್ಲ" ಎನ್ನುವ ಮಾತನ್ನು ಒಪ್ಪಲು ಆಗುವುದಿಲ್ಲ. ಪಾತ್ರ ಸಿಕ್ಕಿದವರು ಬಿಚ್ಚುತ್ತಾರೆ. ಪಾತ್ರ ಕೊಡದೆ ಬರೀ ರಸೀತಿ ಪುಸ್ತಕ ಹಿಡಿದು ಹೋದರೆ ಬಾಗಿಲಲ್ಲೇ "ಮುಂದಿನ ವಾರ ಬನ್ನಿ" ಅನ್ನುತ್ತಾರೆ.

ಕೆರೆ, ಕಸ, ಮರಳು, ಕೂಲಿ, ಸ್ಮಶಾನದ ಜಾಗ, ಪೌರಕಾರ್ಮಿಕರ ಸಂಬಳ, ಇವೆಲ್ಲದರ ಬಗ್ಗೆ ಒಂದೇ ಸೂರಿನಡಿ ಕೂತು ಮಾತಾಡಲು, ಅರ್ಜಿ ಬರೆಯಲು, ಓದಲು ಒಂದು ಜಾಗ ಬೇಕು ಎಂದು ಹೊರಟವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಅಂಥದ್ದೊಂದು ಕೇಂದ್ರದ ಲೆಕ್ಕದ ಪುಸ್ತಕವನ್ನು ವರ್ಷಗಟ್ಟಲೆ ಹಿಡಿದವಳು ನಾನು. ಪರಿಸರವೇ ಬೇರೆ, ಸಾಮಾಜಿಕ ನ್ಯಾಯವೇ ಬೇರೆ ಎನ್ನುವವರು ವಿಶ್ವೇಶ್ವರಯ್ಯ ನಾಲೆಯ ಬಯಲಿನ ಯಾವುದಾದರೂ ಊರಿಗೆ ಹೋಗಿ ಮೋರಿ ನೀರು ಎತ್ತ ಹರಿಯುತ್ತದೆ ಎಂದು ನೋಡಲಿ. ಊರ ಕೊಳಚೆಯೆಲ್ಲ ತಗ್ಗಿಗೆ ಇಳಿಯುತ್ತದೆ. ತಗ್ಗಿನಲ್ಲಿ ಯಾರ ಕೇರಿಯಿದೆ ಎಂಬುದನ್ನು ಯಾರೂ ಹೇಳಬೇಕಾಗಿಲ್ಲ.

ಬೋರ್ಡಿಗಿಂತ ಮೊದಲು ಒಂದು ಕೆಲಸ

ಬೋರ್ಡು ಬರೆಸಿ, ಉದ್ಘಾಟನೆಗೆ ಯಾರನ್ನೋ ಕರೆದು, ಆಮೇಲೆ ಕೆಲಸ ಹುಡುಕಬೇಡಿ. ಮೊದಲು ಒಂದೇ ಒಂದು ಕೆಲಸ ಹಿಡಿಯಿರಿ. ಅದು ಮೂರು ತಿಂಗಳೊಳಗೆ ಊರಿನವರ ಕಣ್ಣಿಗೆ ಕಾಣುವಂತಿರಬೇಕು.

ಕುಡಿಯುವ ನೀರಿನ ಪರೀಕ್ಷೆ ಇದಕ್ಕೆ ಚೆನ್ನಾಗಿ ಹೊಂದುತ್ತದೆ. 2019ರಲ್ಲಿ ಶುರುವಾದ ಜಲ ಜೀವನ್ ಮಿಷನ್ ಪ್ರಕಾರ ಪ್ರತಿ ಊರಿನಲ್ಲಿ ಐದು ಜನ ಹೆಂಗಸರಿಗೆ ನೀರು ಪರೀಕ್ಷೆ ಕಿಟ್ ಬಳಸುವ ತರಬೇತಿ ಕೊಡಬೇಕು. ನಿಮ್ಮ ಪಂಚಾಯಿತಿಯಲ್ಲಿ ಕಿಟ್ ಎಲ್ಲಿದೆ, ತರಬೇತಿ ಪಡೆದವರು ಯಾರು ಎಂದು ಕೇಳಿ. ಬೀರುವಿನೊಳಗಿದ್ದರೆ ಹೊರಗೆ ತೆಗೆಸಿ. ಊರಿನ ಪ್ರತಿ ಬೋರ್‌ವೆಲ್, ಪ್ರತಿ ತೊಂಬೆ, ಕೇರಿಯ ಕೊನೆಯ ನಲ್ಲಿ, ಎಲ್ಲ ಕಡೆಯಿಂದಲೂ ನೀರು ಹಿಡಿದು ಪರೀಕ್ಷೆ ಮಾಡಿ. ಬಂದ ಫಲಿತಾಂಶವನ್ನು ದೊಡ್ಡ ಅಕ್ಷರದಲ್ಲಿ ಬರೆದು ಹಾಲಿನ ಡೇರಿ ಗೋಡೆಗೆ ಅಂಟಿಸಿ. ಬೆಳಗ್ಗೆ, ಸಂಜೆ ಹಾಲು ಹಾಕಲು ಬಂದವರು ಕ್ಯಾನಿನ ಮುಂದೆ ಸಾಲಿನಲ್ಲಿ ನಿಂತಾಗ ಓದುತ್ತಾರೆ, ಓದಲು ಬಾರದವರಿಗೆ ಪಕ್ಕದವರು ಓದಿ ಹೇಳುತ್ತಾರೆ. ಎರಡನೇ ದಿನವೇ "ನಮ್ಮನೆ ಹಿಂದಿನ ಬಾವಿದೂ ನೋಡ್ರವ್ವ" ಎಂದು ಯಾರೋ ಬಾಟಲಿ ಹಿಡಿದು ಬರುತ್ತಾರೆ. ಬಾಟಲಿ ತಂದವರ ಹೆಸರು ಬರೆದಿಟ್ಟುಕೊಳ್ಳಿ. ನಾಳೆ ವಂತಿಗೆ ಕೇಳಲು ನಿಮ್ಮ ಜೊತೆ ಮನೆ ಮನೆಗೆ ಬರುವವರು ಅವರೇ.

ಎಲ್ಲಿ ಕೂರುತ್ತೀರಿ ಎಂಬುದು ದುಡ್ಡಿಗಿಂತ ದೊಡ್ಡದು

ಇದನ್ನು ತುಸು ಬಿಡಿಸಿ ಹೇಳಬೇಕು, ಏಕೆಂದರೆ ಒಳ್ಳೆ ಮನಸ್ಸಿನ ಬಹಳ ಜನ ಎಡವುವುದು ಇಲ್ಲೇ. ಶುರುವಿನಲ್ಲಿ ಜಾಗಕ್ಕೆ ಬಾಡಿಗೆ ಕೊಡಲು ಕೈಯಲ್ಲಿ ಏನೂ ಇರುವುದಿಲ್ಲ. ಯಾರೋ ದೊಡ್ಡ ಮನೆಯವರು "ನಮ್ಮ ಜಗಲಿ ಮೇಲೆ ಕೂತ್ಕೊಳಿ" ಅನ್ನುತ್ತಾರೆ. ಇಲ್ಲವೇ ದೇವಸ್ಥಾನದ ಪ್ರಾಂಗಣ ಸಿಗುತ್ತದೆ. ಎರಡೂ ಪುಕ್ಕಟೆ. ಆದರೆ ಆ ಜಗಲಿ ಹತ್ತಲು ಕಾಲೊನಿಯ, ಅಂದರೆ ದಲಿತರ ಕೇರಿಯ, ಹುಡುಗ ಹಿಂದೆ ಮುಂದೆ ನೋಡುತ್ತಾನೆ. ಅವನು ಬರಲಿಲ್ಲವೆಂದರೆ ನಿಮ್ಮ ಕೇಂದ್ರದ ಅರ್ಧ ಕೆಲಸ ಅಲ್ಲಿಗೇ ನಿಂತಂತೆ.

ಜಾಗ ಗೊತ್ತುಮಾಡುವ ಮೊದಲು ಮೂರು ಪ್ರಶ್ನೆ ಕೇಳಿಕೊಳ್ಳಿ. ಊರಿನ ಎಲ್ಲ ಕೇರಿಯವರೂ ಚಪ್ಪಲಿ ಎಲ್ಲಿ ಬಿಡಬೇಕೆಂದು ಯೋಚಿಸದೆ ಒಳಗೆ ಬರುತ್ತಾರಾ? ಸಂಜೆ ಹಾಲು ಹಾಕಿದ ಮೇಲೆ ಹೆಣ್ಣುಮಕ್ಕಳು ಒಬ್ಬರೇ ನಡೆದು ಬರುವಷ್ಟು ಬೆಳಕು ದಾರಿಯಲ್ಲಿದೆಯಾ? ಅಲ್ಲಿ ಒಂದೇ ಬಿಂದಿಗೆಯ ನೀರನ್ನು ಎಲ್ಲರೂ ಕುಡಿಯುತ್ತಾರಾ? ಮೂರಕ್ಕೂ ಹೌದು ಎನ್ನುವ ಜಾಗ ಸಿಕ್ಕರೆ ಅದು ಮುರುಕಲು ಅಂಗಡಿ ಮಳಿಗೆಯಾದರೂ ಸರಿ, ಬಾಡಿಗೆ ಕೊಟ್ಟೇ ಹಿಡಿಯಿರಿ. ನಾವು ಮೊದಲು ಕೂತಿದ್ದು ಮುಚ್ಚಿಹೋಗಿದ್ದ ಸೈಕಲ್ ಶಾಪಿನಲ್ಲಿ. ಊರಿಗೂ ಕಾಲೊನಿಗೂ ನಡುವೆ ಇದ್ದದ್ದರಿಂದ ಅದು ಯಾರ ಜಾಗವೂ ಅಲ್ಲ, ಎಲ್ಲರ ಜಾಗವೂ ಹೌದು ಎಂಬಂತಿತ್ತು.

ಒಂದು ಹಾಳೆಯಲ್ಲಿ ಖರ್ಚು

ದುಡ್ಡು ಕೇಳುವ ಮೊದಲು ಎಷ್ಟು ಬೇಕೆಂದು ನಿಮಗೇ ಗೊತ್ತಿರಬೇಕು. "ಎಷ್ಟಾದ್ರೂ ಕೊಡಿ" ಅಂದರೆ ಕೊಡುವವರಿಗೆ ಕಷ್ಟ. ಚಿಕ್ಕ ಊರಿನ ಕೇಂದ್ರಕ್ಕೆ ತಿಂಗಳಿಗೆ ಹೀಗೆ ಬೇಕಾಗುತ್ತದೆ ಎಂದು ಇಟ್ಟುಕೊಳ್ಳೋಣ: ಬಾಡಿಗೆ 4,000, ದಿನಕ್ಕೆ ನಾಲ್ಕು ಗಂಟೆ ಕೂತು ಅರ್ಜಿ ಬರೆದುಕೊಡುವ ಒಬ್ಬರಿಗೆ ಗೌರವಧನ 8,000, ಕರೆಂಟಿಗೆ 700, ಜೆರಾಕ್ಸ್, ಅಂಚೆ ಮತ್ತು ಬಸ್ ಚಾರ್ಜಿಗೆ 1,500, ಕಾಫಿ–ಟೀಗೆ 800. ಕೂಡಿದರೆ 15,000. ವರ್ಷಕ್ಕೆ 1,80,000.

ಮೊತ್ತ ನೋಡಿ ಗಾಬರಿಯಾಗಬೇಡಿ. 150 ಮನೆಗಳು ತಿಂಗಳಿಗೆ 50 ರೂಪಾಯಿ ಕೊಟ್ಟರೆ 7,500, ಅಂದರೆ ಅರ್ಧ ಬಂದಂತೆ. ಊರು ಬಿಟ್ಟು ಮೈಸೂರು, ಬೆಂಗಳೂರು ಸೇರಿದ 20 ಜನ ತಿಂಗಳಿಗೆ 200 ಕಳಿಸಿದರೆ ಇನ್ನು 4,000. ಉಳಿಯುವ 3,500 ಅಂದರೆ ವರ್ಷಕ್ಕೆ 42,000. ಅದನ್ನು ಸುಗ್ಗಿಯ ಧಾನ್ಯದಲ್ಲೋ, ಒಂದು ನಾಟಕದ ಟಿಕೆಟಿನಲ್ಲೋ ಎತ್ತಬಹುದು. ಈ ಹಾಳೆಯನ್ನು ಮಡಿಚಿ ಜೇಬಿನಲ್ಲಿಡಿ. ಕೇಳಿದ ಮನೆಯಲ್ಲೆಲ್ಲ ಬಿಚ್ಚಿ ತೋರಿಸಿ. ಕೂಲಿ ಮಾಡುವ ಹೆಂಗಸಿಗೂ ಈ ಲೆಕ್ಕ ಅರ್ಥವಾಗುತ್ತದೆ, ಸ್ತ್ರೀಶಕ್ತಿ ಸಂಘದ ಪುಸ್ತಕ ಬರೆದ ಕೈ ಅದು.

ನಮ್ಮಲ್ಲಿ ಶುರುವಿನಿಂದಲೂ ಇಟ್ಟುಕೊಂಡ ಒಂದು ನಿಯಮವಿದೆ: ವರ್ಷದ ಖರ್ಚಿನ ಮೂರನೇ ಒಂದು ಪಾಲಿಗಿಂತ ಹೆಚ್ಚನ್ನು ಯಾರೊಬ್ಬರಿಂದಲೂ ತೆಗೆದುಕೊಳ್ಳುವುದಿಲ್ಲ, ಅವರು ಎಷ್ಟೇ ಒಳ್ಳೆಯವರಾದರೂ. ಮರಳು ಗಾಡಿಯ ಬಗ್ಗೆ ದೂರು ಬರೆಯುವ ಜಾಗ ಒಬ್ಬರ ಅನ್ನದ ಮೇಲೆ ನಿಂತರೆ, ಒಂದು ದಿನ ಆ ಒಬ್ಬರ ಬಾವನ ಗಾಡಿಯೇ ಸಿಗುತ್ತದೆ.

ಮನೆ ಮನೆಯ ವಂತಿಗೆ

ಮಾರಮ್ಮನ ಹಬ್ಬಕ್ಕೆ ಮನೆಗೆ ಇಷ್ಟು ಎಂದು ವಂತಿಗೆ ಎತ್ತುವುದು ನಮಗೆಲ್ಲ ಗೊತ್ತು. ಆ ಕ್ರಮ ಹಾಗೇ ಕೈಗೆ ಬರುತ್ತದೆ, ಹೊಸದಾಗಿ ಏನೂ ಕಲಿಸಬೇಕಿಲ್ಲ. ಆದರೆ ವಂತಿಗೆಯ ಹಳೇ ಪಟ್ಟಿಯಲ್ಲಿ ಒಂದು ಗಾಯವೂ ಇದೆ. ಎಷ್ಟೋ ಊರಲ್ಲಿ ಕಾಲೊನಿಯ ವಂತಿಗೆಯನ್ನು ಬೇರೆ ಪಟ್ಟಿಯಲ್ಲಿ ಬರೆಯುತ್ತಿದ್ದರು, ಇಲ್ಲವೇ ಮುಟ್ಟುತ್ತಲೇ ಇರಲಿಲ್ಲ. ವಂತಿಗೆ ಮುಟ್ಟದಿದ್ದರೆ ಹಬ್ಬದಲ್ಲಿ ಮಾತಾಡುವ ಹಕ್ಕೂ ಇಲ್ಲ. ಹಾಗಾಗಿ ನಿಮ್ಮ ಪುಸ್ತಕ ಒಂದೇ ಇರಲಿ. ಮನೆಗಳ ಹೆಸರನ್ನು ಕೇರಿವಾರು ಬರೆಯದೆ ಕೊಟ್ಟ ದಿನದ ಕ್ರಮದಲ್ಲಿ ಬರೆಯಿರಿ. ಎಲ್ಲರಿಗೂ ಒಂದೇ ಮೊತ್ತ ಕೇಳಿ. ಹೆಚ್ಚು ಕೊಡುತ್ತೇನೆಂದವರಿಂದ ತೆಗೆದುಕೊಳ್ಳಿ, ಆದರೆ ಸಭೆಯಲ್ಲಿ ಅವರಿಗೆ ಮುಂದಿನ ಕುರ್ಚಿ ಹಾಕಬೇಡಿ.

ಹೋಗುವಾಗ ಇಬ್ಬರು ಹೋಗಿ. ಒಬ್ಬರು ಊರ ಒಳಗಿನವರು, ಒಬ್ಬರು ಕಾಲೊನಿಯವರು, ಇಬ್ಬರಲ್ಲಿ ಒಬ್ಬರಾದರೂ ಹೆಂಗಸು. ಡೇರಿ ಬಟವಾಡೆಯಾದ ಮಾರನೆಯ ದಿನ ಒಳ್ಳೆಯದು, ಕೈಯಲ್ಲಿ ಚಿಲ್ಲರೆ ಇರುತ್ತದೆ. ಕಬ್ಬಿನ ದುಡ್ಡು ಯಾವಾಗ ಬರುತ್ತದೋ ಹೇಳಲಾಗದು, ಅದನ್ನು ನಂಬಿ ಕೂರಬೇಡಿ. ಶಾಲೆ ಫೀಸಿನ ಜೂನ್ ತಿಂಗಳು, ಆಷಾಢ, ಗಣಪತಿ ಕೂರಿಸುವ ಹುಡುಗರು ಓಡಾಡುವ ವಾರ, ಪಿತೃಪಕ್ಷ, ಈ ದಿನಗಳಲ್ಲಿ ಬಾಗಿಲು ತಟ್ಟಬೇಡಿ. ಪಂಚಾಯಿತಿ ಚುನಾವಣೆ ಘೋಷಣೆಯಾದ ದಿನವೇ ರಸೀತಿ ಪುಸ್ತಕ ಕಟ್ಟಿ ಒಳಗಿಡಿ. ಫಲಿತಾಂಶ ಬಂದು ಪಟಾಕಿ ಸದ್ದು ಅಡಗುವವರೆಗೂ ತೆಗೆಯಬೇಡಿ.

ಬಾಗಿಲಲ್ಲಿ ಕೇಳುವ ಮೊದಲ ಪ್ರಶ್ನೆ ಯಾವಾಗಲೂ ಒಂದೇ: "ಯಾವ ಪಾರ್ಟಿಯೋರು ನೀವು?" ಇದಕ್ಕೆ ಬೇಜಾರು ಮಾಡಿಕೊಳ್ಳಬೇಡಿ. ಅದು ನ್ಯಾಯವಾದ ಪ್ರಶ್ನೆ. "ಯಾವ ಪಾರ್ಟಿಯೂ ಅಲ್ಲ ಕಣಣ್ಣ. ಡೇರಿ ಗೋಡೆ ಮೇಲೆ ನೀರಿನ ಲೆಕ್ಕ ನೋಡಿದ್ಯಲ್ಲ, ಅದನ್ನ ಮಾಡ್ದೋರು. ತಿಂಗಳಿಗೆ ಹದಿನೈದು ಸಾವಿರ ಬೇಕು, ನೂರೈವತ್ತು ಮನೆ ಸೇರಿದ್ರೆ ನಡೀತದೆ" ಎಂದು ಹಾಳೆ ಬಿಚ್ಚಿ. ಎರಡು ನಿಮಿಷದ ಮಾತು ಸಾಕು. ಭಾಷಣ ಶುರುವಾದರೆ ಒಲೆ ಮೇಲಿನ ಮುದ್ದೆ ಸೀಯುತ್ತದೆ.

ರಸೀತಿ ಬರೆಯುವಾಗ ದುಡ್ಡು ಕೊಟ್ಟವರ ಹೆಸರನ್ನೇ ಬರೆಯಿರಿ. ನಮ್ಮ ಕಡೆ ಹೆಂಗಸು ಸೆರಗಿನ ಗಂಟು ಬಿಚ್ಚಿ ಐವತ್ತು ಕೊಟ್ಟರೂ ರಸೀತಿ ಗಂಡನ ಹೆಸರಿಗೆ ಹೋಗುವುದು ವಾಡಿಕೆ. ನಾವೂ ಮೊದಲ ತಿಂಗಳು ಹಾಗೇ ಬರೆದೆವು. ಎರಡನೇ ತಿಂಗಳಿನಿಂದ ಅವಳ ಹೆಸರು ಬರೆಯತೊಡಗಿದಾಗ, ಆ ರಸೀತಿಗಳನ್ನು ಹೆಂಗಸರು ರೇಷನ್ ಕಾರ್ಡಿನ ಜೊತೆಗೆ ಜೋಪಾನವಾಗಿ ಇಟ್ಟುಕೊಂಡದ್ದನ್ನು ನಾನು ಕಂಡಿದ್ದೇನೆ. ಸಭೆಗೆ ಬರುವ ಹೆಂಗಸರ ಸಂಖ್ಯೆ ಏರಿದ್ದು ಅಲ್ಲಿಂದಾಚೆಗೆ.

ಮುಯ್ಯಾಳು, ರಾಗಿ, ಬೆಂಚು

ದುಡ್ಡಿಲ್ಲದವರು ಏನು ಕೊಡಬೇಕು? ನಾಟಿ, ಕಳೆ ಕೀಳುವ ಕಾಲಕ್ಕೆ ನಮ್ಮೂರುಗಳಲ್ಲಿ ಮುಯ್ಯಾಳು ನಡೆಯುತ್ತದಲ್ಲ, ಇವತ್ತು ನಿನ್ನ ಗದ್ದೆಗೆ ನಾನು, ನಾಳೆ ನನ್ನ ಗದ್ದೆಗೆ ನೀನು. ಅದೇ ಲೆಕ್ಕದಲ್ಲಿ ಆಳು ಕೇಳಿ. ಗಾರೆ ಕೆಲಸದವರು ಒಂದು ಭಾನುವಾರ ನೆಲ ಸರಿಮಾಡಲಿ. ಬಡಗಿ ಹಳೇ ಬೆಂಚಿಗೆ ಕಾಲು ಹಾಕಲಿ. ಆಟೋ ಇಟ್ಟವರು ತಿಂಗಳಿಗೊಂದು ಸಲ ತಾಲ್ಲೂಕು ಕಚೇರಿಗೆ ಪುಕ್ಕಟೆ ಕರೆದೊಯ್ಯಲಿ. ಸುಗ್ಗಿ ಮುಗಿದ ಮೇಲೆ, ಸಂಕ್ರಾಂತಿ ಆಸುಪಾಸಿನಲ್ಲಿ, ಮನೆಗೆ ಒಂದು ಸೇರು ರಾಗಿಯೋ ಭತ್ತವೋ ಕೇಳಿ. ಸ್ವಲ್ಪ ಸಭೆಯ ಊಟಕ್ಕೆ ಇಟ್ಟುಕೊಂಡು ಉಳಿದದ್ದನ್ನು ಮಾರಿ. ಈ ಎಲ್ಲಕ್ಕೂ ದುಡ್ಡಿನಷ್ಟೇ ಶ್ರದ್ಧೆಯಿಂದ ರಸೀತಿ ಕೊಡಿ: "ಒಂದು ದಿನದ ಗಾರೆ ಕೆಲಸ", "ಎರಡು ಸೇರು ರಾಗಿ". ಮದುವೆ ಮನೆಯ ಮುಯ್ಯಿ ಪುಸ್ತಕದಲ್ಲಿ ಪಾತ್ರೆ–ಪಡಗವನ್ನೂ ಬರೆಯುವವರು ನಾವು.

ಮದ್ದೂರು ತಾಲ್ಲೂಕಿನ ಕೊಕ್ಕರೆಬೆಳ್ಳೂರಿಗೆ ಹೋಗದವರು ಒಮ್ಮೆ ಹೋಗಿ ಬನ್ನಿ. ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಮನೆ ಪಕ್ಕದ ಹುಣಸೆ ಮರಗಳಲ್ಲೇ ಗೂಡು ಕಟ್ಟುತ್ತವೆ. ಗೂಡಿರುವ ಮರದ ಹುಣಸೆಹಣ್ಣನ್ನು ಊರಿನವರು ಬಡಿಯದೆ ಬಿಡುತ್ತಾ ಬಂದರು. ಆ ನಷ್ಟಕ್ಕೆ ಅರಣ್ಯ ಇಲಾಖೆ ಪರಿಹಾರ ಕೊಡುವ ಏರ್ಪಾಡು ಆಮೇಲೆ ಬಂತು, 2007ರಲ್ಲಿ ಅದು ಸಮುದಾಯ ಮೀಸಲು ಪ್ರದೇಶವೂ ಆಯಿತು. ಊರಿನವರ ತ್ಯಾಗ ಮೊದಲು, ಸರ್ಕಾರದ ಹಣ ಆಮೇಲೆ. ಇಂಥ ಕೆಲಸಗಳು ಗಟ್ಟಿಯಾಗಿ ನಿಲ್ಲುವುದು ಈ ಕ್ರಮದಲ್ಲೇ ಎಂದು ನನ್ನ ನಂಬಿಕೆ.

ಹೊರಗಿನ ತಿಳಿದವರ ನೆರವನ್ನೂ ಇದೇ ಪುಸ್ತಕದಲ್ಲಿ ಬರೆಯಿರಿ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆ ಪ್ರಕಾರ ಹೆಂಗಸರಿಗೂ ಪರಿಶಿಷ್ಟ ಜಾತಿ, ಪಂಗಡದವರಿಗೂ ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವಿನ ಹಕ್ಕಿದೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಪತ್ರ ಬರೆದು ನಿಮ್ಮ ಕೇಂದ್ರದಲ್ಲಿ ಕಾನೂನು ಅರಿವಿನ ಸಭೆ ಮಾಡಿಸಿಕೊಳ್ಳಿ. ಕಾಲೇಜುಗಳ ಎನ್‌ಎಸ್‌ಎಸ್ ವಿಶೇಷ ಶಿಬಿರ ಏಳು ದಿನದ್ದು. ಕೆರೆ ಅಳತೆ, ಮನೆ ಸಮೀಕ್ಷೆಯಂಥ ಕೆಲಸವನ್ನು ಅವರಿಗೆ ಕೊಡಿ. ಗಿಡ ನೆಟ್ಟು ಫೋಟೊ ತೆಗೆಸಿಕೊಂಡು ಹೋಗುವುದಕ್ಕಿಂತ ಮಕ್ಕಳಿಗೂ ಅದು ಇಷ್ಟವಾಗುತ್ತದೆ. ಮಂಡ್ಯದ ವಿ.ಸಿ. ಫಾರಂನ ಕೃಷಿ ವಿಜ್ಞಾನಿಗಳು, ಮೈಸೂರು ವಿಶ್ವವಿದ್ಯಾಲಯದ ಮಾನಸಗಂಗೋತ್ರಿಯ ಪರಿಸರ ವಿಜ್ಞಾನ ವಿಭಾಗದವರು, ಇವರನ್ನು ದುಡ್ಡು ಕೇಳಬೇಡಿ, ಮಣ್ಣು–ನೀರಿನ ಬಗ್ಗೆ ಅವರ ತಿಳಿವಳಿಕೆ ಕೇಳಿ.

ನೋಂದಣಿ, ಬ್ಯಾಂಕು, ತೆರಿಗೆ

ಐದಾರು ತಿಂಗಳು ವಂತಿಗೆ ನಿಲ್ಲದೆ ನಡೆದ ಮೇಲೆ ನೋಂದಣಿಗೆ ಹೊರಡಿ. ಊರಿನ ಕೇಂದ್ರಕ್ಕೆ ಟ್ರಸ್ಟಿಗಿಂತ ಸಂಘವೇ ಮೇಲು ಎಂಬುದು ನನ್ನ ಅಭಿಪ್ರಾಯ. ಟ್ರಸ್ಟಿನಲ್ಲಿ ಟ್ರಸ್ಟಿಗಳದೇ ಮಾತು. ಸಂಘದಲ್ಲಿ ಸದಸ್ಯರು ವರ್ಷಕ್ಕೊಮ್ಮೆ ಸೇರಿ ಪ್ರಶ್ನೆ ಕೇಳಬಹುದು, ಪದಾಧಿಕಾರಿಗಳನ್ನು ಬದಲಿಸಬಹುದು. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಕನಿಷ್ಠ ಏಳು ಜನ ಸೇರಬೇಕು. ಏಳು ಜನ ಒಂದೇ ಮನೆತನದವರಾಗದಂತೆ, ಒಂದೇ ಜಾತಿಯವರಾಗದಂತೆ ನೋಡಿಕೊಳ್ಳಿ, ಖಜಾಂಚಿ ಹೆಂಗಸಾಗಿರಲಿ. ಅರ್ಜಿ ಹೋಗುವುದು ಸಹಕಾರ ಇಲಾಖೆಯಲ್ಲಿರುವ ಸಂಘಗಳ ನೋಂದಣಾಧಿಕಾರಿಗೆ. ನೋಂದಣಿಯಾದ ಮೇಲೆ ಪ್ರತಿ ವರ್ಷ ಸರ್ವಸದಸ್ಯರ ಸಭೆ ಮುಗಿದ 14 ದಿನದೊಳಗೆ ಆಡಳಿತ ಮಂಡಳಿಯ ಪಟ್ಟಿ, ಜಮಾ–ಖರ್ಚು ಸಲ್ಲಿಸಬೇಕು. ಎಷ್ಟೋ ಸಂಘಗಳು ಇದನ್ನು ಮರೆತು, ಮುಂದೆ ಬ್ಯಾಂಕಿನಲ್ಲೋ ಅನುದಾನದ ಅರ್ಜಿಯಲ್ಲೋ ಸಿಕ್ಕಿಹಾಕಿಕೊಳ್ಳುತ್ತವೆ.

ಬ್ಯಾಂಕ್ ಖಾತೆ ಸಂಘದ ಹೆಸರಲ್ಲಿರಲಿ, ಇಬ್ಬರ ಸಹಿ ಇರಲಿ. ಅಲ್ಲಿಯವರೆಗೆ ಯಾರೋ ಒಬ್ಬರ ಫೋನ್‌ಪೇ ನಂಬರಿಗೆ ದುಡ್ಡು ಹಾಕಿಸುವುದು ಸುಲಭ ಅನ್ನಿಸುತ್ತದೆ. ದಯವಿಟ್ಟು ಬೇಡ. ಕದ್ದರೋ ಬಿಟ್ಟರೋ ಎಂಬುದು ಆಮೇಲಿನ ಮಾತು. ಮನೆ ಖರ್ಚು, ಸಂಘದ ದುಡ್ಡು ಒಂದೇ ಖಾತೆಯಲ್ಲಿ ಕಲೆತ ಮೇಲೆ ಬೇರ್ಪಡಿಸಲು ಆಗದು, ಒಳ್ಳೆಯವರ ಹೆಸರೂ ಕೆಡುತ್ತದೆ. ನಮ್ಮ ಪರಿಚಯದ ಒಂದು ಗುಂಪು ಹೀಗೇ ಒಡೆದದ್ದನ್ನು ಕಣ್ಣಾರೆ ನೋಡಿದ್ದೇನೆ. ದುಡ್ಡು ಹೋಗಿರಲಿಲ್ಲ, ಲೆಕ್ಕ ಹೋಗಿತ್ತು.

ದೊಡ್ಡ ದಾನಿಗಳು ಕೇಳುವುದು 12ಎ (ಸಂಘದ ಆದಾಯಕ್ಕೆ ತೆರಿಗೆ ವಿನಾಯಿತಿ), 80ಜಿ. ಇವು 1961ರ ಆದಾಯ ತೆರಿಗೆ ಕಾಯ್ದೆಯ ಸೆಕ್ಷನ್‌ಗಳು. 2025ರ ಹೊಸ ಕಾಯ್ದೆಯಲ್ಲಿ (2026ರ ಏಪ್ರಿಲ್ 1ರಿಂದ ಜಾರಿ) ಸಂಖ್ಯೆಗಳು ಬೇರೆ, ಜನರ ಬಾಯಲ್ಲಿ ಮಾತ್ರ ಹಳೇ ಹೆಸರೇ ಉಳಿಯಬಹುದು. 80ಜಿ ಇದ್ದರೆ ದಾನಿಗೆ ತೆರಿಗೆ ರಿಯಾಯಿತಿ ಸಿಗುತ್ತದೆ, ಆದರೆ ನಗದಿನಲ್ಲಿ 2,000 ರೂಪಾಯಿ ದಾಟಿದ ದಾನಕ್ಕೆ ಸಿಗುವುದಿಲ್ಲ, ಹೊಸ ತೆರಿಗೆ ಪದ್ಧತಿ ಆರಿಸಿಕೊಂಡವರಿಗೂ ಸಿಗುವುದಿಲ್ಲ. ಸಂಬಳದಾರರಲ್ಲಿ ಬಹಳ ಜನ ಈಗ ಹೊಸ ಪದ್ಧತಿಯಲ್ಲಿದ್ದಾರೆ. ಹಾಗಾಗಿ ರಿಯಾಯಿತಿಯ ಆಸೆ ತೋರಿಸಿ ಹಣ ಕೇಳುವುದಕ್ಕಿಂತ ಕೆಲಸ ತೋರಿಸಿ ಕೇಳುವುದೇ ಸರಿ. ಹುಂಡಿ ಇಟ್ಟರೂ ಚಿಕ್ಕದಾಗಿರಲಿ. ಹೆಸರು, ವಿಳಾಸ ಇಲ್ಲದ ದಾನ ಒಂದು ಮಿತಿ ದಾಟಿದರೆ ಅದಕ್ಕೆ 30 ಶೇಕಡ ತೆರಿಗೆ ಬೀಳುತ್ತದೆ. ಒಬ್ಬ ಲೆಕ್ಕಪರಿಶೋಧಕರನ್ನು ಮೊದಲ ವರ್ಷವೇ ಹಿಡಿದುಕೊಳ್ಳಿ. ಊರಿನವರ ಮಕ್ಕಳಲ್ಲೇ ಯಾರಾದರೂ ಆ ವೃತ್ತಿಯಲ್ಲಿದ್ದರೆ ಅವರ ದುಡಿಮೆಯೇ ವಂತಿಗೆಯಾಗಲಿ.

ಪಂಚಾಯಿತಿಯ ಬಾಗಿಲು

ಗ್ರಾಮಸಭೆ ಆರು ತಿಂಗಳಿಗೊಮ್ಮೆಯಾದರೂ ಸೇರಬೇಕು ಎಂದು ಪಂಚಾಯತ್ ರಾಜ್ ಕಾಯ್ದೆ ಹೇಳುತ್ತದೆ. ಅಲ್ಲಿ ನಿಮ್ಮ ಕೇಂದ್ರಕ್ಕೆ ಜಾಗ ಕೇಳಿ, ದುಡ್ಡು ಬೇಡ. ಹಳೇ ಅಂಗನವಾಡಿ, ಮಕ್ಕಳಿಲ್ಲದೆ ಮುಚ್ಚಿದ ಶಾಲಾ ಕೊಠಡಿ, ಬೀಗ ಜಡಿದ ಸಮುದಾಯ ಭವನ ಬಹಳ ಊರಲ್ಲಿವೆ. ಅಧ್ಯಕ್ಷರು "ಇರ್ಲಿ, ಉಪಯೋಗಿಸ್ಕೊಳಿ" ಎಂದು ಬಾಯಿಮಾತಲ್ಲಿ ಹೇಳಿದರೆ ಅಷ್ಟಕ್ಕೇ ಸುಣ್ಣ ಹೊಡೆಯಲು ಶುರುಮಾಡಬೇಡಿ. ನಡಾವಳಿ ಪುಸ್ತಕದಲ್ಲಿ ಬರೆಸಿ, ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಸಹಿ ಇರುವ ಪ್ರತಿ ಇಸಿದುಕೊಳ್ಳಿ. ಕಟ್ಟಡ ಯಾರ ಹೆಸರಲ್ಲಿದೆ, ಎಷ್ಟು ವರ್ಷಕ್ಕೆ, ಬಾಡಿಗೆ ಎಷ್ಟು ಎಂಬುದು ಅದರಲ್ಲಿರಲಿ. ಹಾಗೇ ಪಂಚಾಯಿತಿಯ ಜೀವವೈವಿಧ್ಯ ನಿರ್ವಹಣಾ ಸಮಿತಿಯ ಬಗ್ಗೆ ಕೇಳಿ. 2002ರ ಜೀವವೈವಿಧ್ಯ ಕಾಯ್ದೆಯಂತೆ ಅದು ಇರಬೇಕು, ನಿಮ್ಮ ಕೇಂದ್ರದ ಒಬ್ಬಿಬ್ಬರು ಅದರಲ್ಲಿ ಸೇರಲು ಪ್ರಯತ್ನಿಸಲಿ.

ಊರು ಬಿಟ್ಟವರು

ಬೆಂಗಳೂರಲ್ಲಿರುವ ಮಗ ತಿಂಗಳಿಗೆ 200 ಕಳಿಸುವುದು ದೊಡ್ಡದಲ್ಲ, ಆದರೆ ಮೂರು ತಿಂಗಳಿಗೆ ಮರೆಯುತ್ತಾನೆ. ಬ್ಯಾಂಕಿನಿಂದ ತಾನಾಗಿ ಬರುವಂತೆ ಏರ್ಪಾಡು ಮಾಡಿಸಿ. ತಿಂಗಳಿಗೊಮ್ಮೆ ವಾಟ್ಸಾಪಿನಲ್ಲಿ ಒಂದು ನಿಮಿಷದ ಧ್ವನಿ ಕಳಿಸಿ. ಅವರು ಆಡಿ ಬೆಳೆದ ಕೆರೆ ಕೋಡಿ ಬಿದ್ದ ಸದ್ದನ್ನೇ ಕಳಿಸಿದರೂ ಆದೀತು. ಊರ ಹಬ್ಬಕ್ಕೆ ಬಂದಾಗ ಕೇಂದ್ರಕ್ಕೆ ಕರೆದು, ಮಕ್ಕಳಿಗೆ ಒಂದು ಗಂಟೆ ಪಾಠ ಹೇಳಿ ಎಂದು ಕೇಳಿ. ಅದೂ ಒಂದು ಪಾತ್ರ.

ಅಮೆರಿಕ, ದುಬೈ, ಲಂಡನ್ನಿನಲ್ಲಿರುವವರ ವಿಷಯದಲ್ಲಿ ಎಚ್ಚರ ಬೇಕು. ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡವರು ತಮ್ಮ ಸ್ವಂತ ಉಳಿತಾಯದಿಂದ ಬ್ಯಾಂಕಿನ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆಯಲ್ಲ. ಆದರೆ ಬೇರೆ ದೇಶದ ಪೌರತ್ವ ಪಡೆದವರು, ಹುಟ್ಟಿದ್ದು ಪಾಂಡವಪುರದಲ್ಲೇ ಆಗಿದ್ದರೂ, ಕಳಿಸಿದ ಒಂದು ರೂಪಾಯಿಯೂ 2010ರ ವಿದೇಶಿ ವಂತಿಗೆ ನಿಯಂತ್ರಣ ಕಾಯ್ದೆಗೆ ಒಳಪಡುತ್ತದೆ. ಆ ನೋಂದಣಿಗೆ ಮೂರು ವರ್ಷದ ಕೆಲಸ, ಮೂರು ವರ್ಷದಲ್ಲಿ ಕನಿಷ್ಠ 15 ಲಕ್ಷ ಖರ್ಚು, ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯಲ್ಲಿ ಖಾತೆ ಬೇಕು. ಚಿಕ್ಕ ಕೇಂದ್ರಕ್ಕೆ ಇದು ಎಟುಕದ ಮಾತು. ಅಂಥ ನೆಂಟರಿಗೆ "ದುಡ್ಡು ಬೇಡಣ್ಣ, ಊರಿಗೆ ಬಂದಾಗ ಒಂದು ವಾರ ನಮ್ಮ ಜೊತೆ ಕೆಲಸ ಮಾಡು" ಎಂದುಬಿಡಿ.

ಕಂಪನಿಯ ಹಣ, ಬೇಡವೆನ್ನುವ ಪಟ್ಟಿ

ನಿವ್ವಳ ಲಾಭ 5 ಕೋಟಿ ದಾಟಿದ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ಲಾಭದ 2 ಶೇಕಡವನ್ನು ಸಾಮಾಜಿಕ ಹೊಣೆಗಾರಿಕೆಗೆ ಖರ್ಚು ಮಾಡಬೇಕೆಂದು 2013ರ ಕಂಪನಿ ಕಾಯ್ದೆ ಹೇಳುತ್ತದೆ. ತಮ್ಮ ಸುತ್ತಲಿನ ಪ್ರದೇಶಕ್ಕೆ ಆದ್ಯತೆ ಕೊಡಿ ಎಂದೂ ಹೇಳುತ್ತದೆ. ಮೈಸೂರು, ನಂಜನಗೂಡಿನ ಕೈಗಾರಿಕಾ ಪ್ರದೇಶಗಳ ಹತ್ತಿರವಿರುವವರಿಗೆ ಇದು ಎಟುಕಬಹುದು. ಪಡೆಯಲು ಮೂರು ವರ್ಷದ ಕೆಲಸ, 12ಎ, 80ಜಿ, ಈ ಹಣ ಪಡೆಯುವ ಸಂಸ್ಥೆಗಳಿಗೆ ಕೇಂದ್ರ ಸರ್ಕಾರ ಕೊಡುವ ಸಿಎಸ್ಆರ್–1 ನೋಂದಣಿ ಬೇಕು. ಗ್ರಂಥಾಲಯ, ನೀರು ಪರೀಕ್ಷೆ ಸಲಕರಣೆ, ಹೊಲಿಗೆ ತರಬೇತಿ ಇಂಥದ್ದಕ್ಕೆ ಈ ಹಣ ಒಗ್ಗುತ್ತದೆ. ಮಾಹಿತಿ ಹಕ್ಕಿನ ಅರ್ಜಿ, ಕೋರ್ಟು, ಧರಣಿಗೆ ಹೋಗುವ ಬಸ್ ಚಾರ್ಜು, ಇವೆಲ್ಲ ವಂತಿಗೆಯ ದುಡ್ಡಿನಿಂದಲೇ ನಡೆಯಬೇಕು. ಎರಡಕ್ಕೂ ಬೇರೆ ಬೇರೆ ಪುಸ್ತಕ ಇಡಿ.

ಯಾರ ಹಣ ಬೇಡ ಎಂಬುದನ್ನು ಹಣ ಬರುವ ಮೊದಲೇ ಸಭೆಯಲ್ಲಿ ತೀರ್ಮಾನಿಸಿ ಬರೆದಿಡಿ. ಕಲ್ಲು ಕ್ರಷರ್, ಮರಳು, ನದಿಗೆ ಕೊಳಕು ನೀರು ಬಿಡುವ ಕಾರ್ಖಾನೆ, ಹೆಂಡದ ವ್ಯಾಪಾರ, ಚುನಾವಣೆಗೆ ನಿಲ್ಲುವವರು, ಹೀಗೆ. ಕೆಆರ್‌ಎಸ್ ಅಣೆಕಟ್ಟೆಯ ಸುತ್ತ 20 ಕಿಲೋಮೀಟರ್‌ನಲ್ಲಿ ಗಣಿಗಾರಿಕೆ ಬೇಡವೆಂದು 2024ರ ಜನವರಿಯಲ್ಲಿ ಹೈಕೋರ್ಟ್ ತಡೆ ಹಾಕಬೇಕಾಯಿತು. ಬಂಡೆ ಸಿಡಿಸುವ ಸದ್ದಿಗೆ ಗೋಡೆ ಬಿರುಕು ಬಿಟ್ಟ ಮನೆಯವರು ದೂರು ಹೊತ್ತು ಬಂದಾಗ, ಕ್ರಷರಿನವರು ಕೊಡಿಸಿದ ಕುರ್ಚಿಯಲ್ಲಿ ಅವರನ್ನು ಹೇಗೆ ಕೂರಿಸುತ್ತೀರಿ? ನಮ್ಮಲ್ಲಿಗೂ ಒಮ್ಮೆ ಒಬ್ಬರು ಇಡೀ ಕಟ್ಟಡ ಕಟ್ಟಿಸಿಕೊಡುತ್ತೇವೆ ಎಂದು ಬಂದಿದ್ದರು, ಬಾಗಿಲ ಮೇಲೆ ಅವರ ತಂದೆಯ ಹೆಸರಿರಬೇಕಷ್ಟೇ. ಪಟ್ಟಿ ಮೊದಲೇ ಬರೆದಿತ್ತಾದ್ದರಿಂದ ಯಾರಿಗೂ ನೋವಾಗದಂತೆ ತೋರಿಸಿ ಕಳಿಸಿದೆವು. ಆ ವರ್ಷ ಮಳೆಗೆ ಸೂರು ಸೋರಿತು, ಟಾರ್ಪಾಲು ಕಟ್ಟಿಕೊಂಡೆವು.

ಮೈಸೂರಿನಲ್ಲಾದರೆ

ನಗರದಲ್ಲಿ ಮನೆ ಮನೆಯ ಗುರುತಿಲ್ಲ, ಹಾಗಾಗಿ ಬೀದಿಯಿಂದ ಶುರುಮಾಡಿ. ಒಂದೇ ವಾರ್ಡು ಹಿಡಿಯಿರಿ. ಮುಂಜಾನೆ ಕುಕ್ಕರಹಳ್ಳಿ ಕೆರೆ ಸುತ್ತುವವರಿಗೆ ಕೆರೆಯ ಬಗ್ಗೆ ಕಾಳಜಿ ಇದ್ದೇ ಇದೆ. ಅದೇ ಹೊತ್ತಿಗೆ ಅವರ ಬೀದಿ ಗುಡಿಸುವ ಪೌರಕಾರ್ಮಿಕರ ಹೆಸರು ಅವರಿಗೆ ಗೊತ್ತಿರುವುದಿಲ್ಲ. ಇಬ್ಬರನ್ನೂ ಒಂದು ಬೆಂಚಿನ ಮೇಲೆ ಕೂರಿಸಿ ಕಾಫಿ ಕುಡಿಸಿದರೆ ಅದೇ ನಿಮ್ಮ ಮೊದಲ ಸಭೆ. ಕುಂಬಾರಕೊಪ್ಪಲಿನ ಕಸ ವಿಂಗಡಣೆ ಘಟಕವನ್ನು ನೋಡಿ ಬನ್ನಿ. ಗೊಬ್ಬರ, ರಟ್ಟು, ಪ್ಲಾಸ್ಟಿಕ್ ಬೇರೆ ಮಾಡಿ ಮಾರಿ ವಾರ್ಡಿನ ಮಟ್ಟದಲ್ಲೇ ಕೆಲಸ ನಡೆಸಬಹುದೆಂಬುದಕ್ಕೆ ಕಣ್ಣೆದುರಿನ ಸಾಕ್ಷಿ ಅದು. ಸ್ವಂತ ದುಡಿಮೆಯಿಂದ ಬದುಕುವ ಕೇಂದ್ರ ನೋಡಬೇಕಾದರೆ ಮೇಲುಕೋಟೆಗೂ ಹೋಗಿ. 1960ರಲ್ಲಿ ಸುರೇಂದ್ರ ಕೌಲಗಿಯವರು ಶುರುಮಾಡಿದ ಜನಪದ ಸೇವಾ ಟ್ರಸ್ಟಿನಲ್ಲಿ ಖಾದಿ ಮಗ್ಗಗಳಿವೆ.

ಲೆಕ್ಕದ ದಿನ

ತಿಂಗಳ ಜಮಾ–ಖರ್ಚನ್ನು ಡೇರಿ ಗೋಡೆಯ ಮೇಲೆ, ನೀರಿನ ಫಲಿತಾಂಶ ಅಂಟಿಸಿದ್ದಲ್ಲೇ ಅಂಟಿಸಿ. ಕೊಡದವರ ಹೆಸರು ಎಂದೂ ಬರೆಯಬೇಡಿ. ವರ್ಷಕ್ಕೊಮ್ಮೆ ಎಲ್ಲರನ್ನೂ ಸೇರಿಸಿ ಪುಸ್ತಕವನ್ನು ಗಟ್ಟಿಯಾಗಿ ಓದಿ. ಊಟ ಒಂದೇ ಪಂಕ್ತಿಯಲ್ಲಿ, ಅಡುಗೆ ಎಲ್ಲ ಕೇರಿಯವರ ಕೈಯಿಂದ. ಓದುವುದು ಊಟಕ್ಕಿಂತ ಮೊದಲು, ಆಮೇಲೆ ಯಾರೂ ನಿಲ್ಲುವುದಿಲ್ಲ.

ನಮ್ಮ ಮೊದಲ ವರ್ಷದ ಸಭೆಯಲ್ಲಿ ಖರ್ಚು ಓದುತ್ತಾ ಹೋಗಿ "ಟೀ, ಬನ್ನು, 340" ಎಂದೆ. ಹಿಂದೆ ಗೋಡೆಗೆ ಒರಗಿ ಕೂತಿದ್ದ ಕಾಲೊನಿಯ ಅಜ್ಜಿಯೊಬ್ಬಳು ಎಲೆಅಡಿಕೆ ಚೀಲದಿಂದ ತನ್ನ ಹನ್ನೆರಡು ರಸೀತಿ ತೆಗೆದು ಮಡಿಲ ಮೇಲಿಟ್ಟುಕೊಂಡು, "ಯಾವತ್ತಿನ ಟೀ ಕಣವ್ವ ಅದು? ಬಿಲ್ಲು ತೋರ್ಸು" ಅಂದಳು. ಊರಿನ ಯಜಮಾನರು ಕೂತ ಸಭೆ ಅದು. ಎಲ್ಲರೂ ನನ್ನ ಕಡೆ ತಿರುಗಿದರು. ನಾನು ಡಬ್ಬ ಬಿಚ್ಚಿ, ಚೀಟಿಗಳನ್ನು ಒಂದೊಂದಾಗಿ ತೆಗೆದು ಹುಡುಕಿ, ಅಕ್ಟೋಬರಿನ ಆ ಬಿಲ್ಲನ್ನು ಎದ್ದುಹೋಗಿ ಅವಳ ಕೈಗೆ ಕೊಟ್ಟೆ. ಅವಳು ಪಕ್ಕದ ಹುಡುಗನ ಕೈಲಿ ಓದಿಸಿ, ತಲೆಯಾಡಿಸಿ ವಾಪಸು ಕೊಟ್ಟು, "ಸರಿ, ಮುಂದುಕ್ಕೆ ಓದು" ಅಂದಳು.